ನೇಪಾಳದ ಗುಡ್ಡದಲ್ಲಿ ಕೇಳಿಸಿದ ಕನ್ನಡ

“ಮೆಲ್ಲಗೆ ಹತ್ತಿ ಅಮ್ಮ, ಮೆಟ್ಟಿಲು ಜಾರ್ತದೆ.”

ನೇಪಾಳದ ಗುಡ್ಡದ ಮೇಲಿನ ಹಳ್ಳಿಯೊಂದರಲ್ಲಿ, ಮುಂಜಾನೆಯ ಮಂಜಿನೊಳಗಿಂದ ಈ ಮಾತು ಕೇಳಿಸಿದಾಗ ನಾನೂ ಮಗಳೂ ನಿಂತುಬಿಟ್ಟೆವು. ಮುಂಬಯಿಯ ಭಾಂಡುಪ್‌ನಿಂದ ಅಲ್ಲಿಗೆ ಪ್ರವಾಸ ಹೋಗಿದ್ದೆವು. ಅಂಗಳದಲ್ಲಿ ಮೆಕ್ಕೆಜೋಳದ ತೆನೆ ಕಟ್ಟುತ್ತಿದ್ದ ನೇಪಾಳಿ ಅಜ್ಜ ನಮ್ಮ ಕನ್ನಡ ಕೇಳಿಸಿಕೊಂಡು ಹಾಗೆ ಕೂಗಿದ್ದರು. ಹರೆಯದಲ್ಲಿ ಮುಂಬಯಿಯ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರಂತೆ, ಕನ್ನಡ ಅಲ್ಲೇ ಕಲಿತದ್ದಂತೆ.

ಅಜ್ಜಿ ಚಹಾ ತಂದರು. ಒಲೆಯ ಹೊಗೆಯೂ ಮೋಡವೂ ಬೆರೆತು ನಮ್ಮನ್ನು ಸವರಿಕೊಂಡು ಹೋಗುತ್ತಿದ್ದವು. ಕೆಳಗೆಲ್ಲೋ ಕಾಣದ ಹಸುವಿನ ಗಂಟೆ ಕೇಳಿಸುತ್ತಿತ್ತು. ನಾನು ಅಜ್ಜಿಗೂ ತಿಳಿಯಲೆಂದು ಹಿಂದಿ ಶುರುಮಾಡಿದೆ. ಅಜ್ಜ ತಡೆದರು.

“ಬೇಡಮ್ಮ, ಕನ್ನಡವೇ ಆಡಿ. ನನಗೆ ಈ ಭಾಷೆ ಬರ್ತದೆ ಅಂದ್ರೆ ಇವಳು ಇಷ್ಟು ವರ್ಷ ನಂಬಲೇ ಇಲ್ಲ.”

“ಹೊಲದಾಗ ಏನೇನ್ ಬೆಳೀತೀರಿ?” ಎಂದು ಕೇಳಿದೆ. ಹಸು, ಮೊಮ್ಮಕ್ಕಳು, ಹಿಮ ಬೀಳುವ ತಿಂಗಳು ಎಂದು ಬಾಯಿಗೆ ಬಂದದ್ದನ್ನೆಲ್ಲ ಕೇಳುತ್ತಾ ಹೋದೆ. ಅಜ್ಜ ಎಲ್ಲೂ ತಡವರಿಸದೆ ಉತ್ತರ ಹೇಳಿದರು. ಅಜ್ಜಿ ಲೋಟ ಕೆಳಗಿಟ್ಟು, ಯಾರೋ ಹೊಸಬರನ್ನು ನೋಡುವ ಹಾಗೆ ಗಂಡನ ಮುಖವನ್ನೇ ನೋಡುತ್ತಾ ಕೂತರು.

ಭಾಂಡುಪ್‌ಗೆ ಮರಳಿದ ಸಂಜೆ, ಮದುವೆಗೆ ಮುಂಚೆ ನಿಮಗೆ ಏನೇನು ಬರುತ್ತಿತ್ತು ಎಂದು ನನ್ನ ಗಂಡನನ್ನು ಕೇಳಿದೆ. ಅವರು ಬಹಳ ಹೊತ್ತು ಮಾತಾಡಿದರು.