ತುಟಿಯಿಂದ ಗದ್ದಕ್ಕೆ ಇಳಿದ ಬಿಸುಪು

ಬೆಳಕು ತೋರಿಸಿ ವಾಸಿ ಮಾಡುತ್ತಾರೆ ಎಂದರೆ ನಾನು ನಗುತ್ತಿದ್ದವನು. ದೆವ್ವ, ದರ್ಶನ, ಹರಕೆ ಯಾವುದರಲ್ಲೂ ನಂಬಿಕೆ ಇರಲಿಲ್ಲ. ಈಗಲೂ ಹೆಚ್ಚೇನೂ ಇಲ್ಲ. ಆದರೆ ಕುಮಟೆಯ ಆ ಹಲ್ಲಿನ ದವಾಖಾನೆಯಲ್ಲಿ ಆದದ್ದು ಮಾತ್ರ ಇನ್ನೂ ನನ್ನ ತಲೆಗೆ ಕೂರುವುದಿಲ್ಲ.

ಆಗ ನಾನು ಭಟ್ಕಳದಿಂದ ಹೊನ್ನಾವರ ಹಾದು ಕುಮಟೆಗೆ ಹೋಗಿಬರುವ ಬಸ್ಸಿನ ಕಂಡಕ್ಟರ್. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಎಡಗಡೆಯ ಬುದ್ಧಿಹಲ್ಲು ಅಡ್ಡ ಬೆಳೆದು ತ್ರಾಸು ಕೊಟ್ಟಿತೆಂದು ತೆಗೆಸಿದೆ. ಗಾಯ ಮಾಗಿತು, ಊತ ಇಳಿಯಿತು. ಆದರೆ ಕೆಳತುಟಿಯ ಎಡ ಅರ್ಧಕ್ಕೆ ಹಿಡಿದ ಜೋಮು ಬಿಡಲೇ ಇಲ್ಲ. ಚಹಾ ಗದ್ದದ ಮೇಲೆ ಇಳಿದರೂ ಗೊತ್ತಾಗುತ್ತಿರಲಿಲ್ಲ. ಸೀಟಿ ಊದಿದರೆ ಬರೀ ಗಾಳಿ, ಜೊಲ್ಲು. ಒಮ್ಮೆ ಕರ್ಕಿಯಲ್ಲಿ ಬಸ್ಸು ಹಿಂದಕ್ಕೆ ಬರುವಾಗ ಮುದುಕಿಯೊಬ್ಬಳು ಅಡ್ಡ ಬಂದಳು. ನನ್ನ ಸೀಟಿ ಕೂಗಲಿಲ್ಲ. ಬಸ್ಸಿನ ಹಿಂದಿನ ತಗಡು ಬಡಿದು ಹೇಗೋ ನಿಲ್ಲಿಸಿದೆ.

ಕುಮಟೆಯ ಡಾಕ್ಟರಮ್ಮ ಹೊಸದಾಗಿ ಬೆಳಕು ಬಿಡುವ ಲೇಸರ್ ಯಂತ್ರ ತರಿಸಿದ್ದರು. "ನರ ಚೇತರಿಸ್ಕೊಳ್ಲಿಕ್ಕೆ ಸಹಾಯ ಆಗ್ಬಹುದು, ಖಾತ್ರಿ ಕೊಡುದಿಲ್ಲ" ಎಂದರು. ಏನೂ ಕಾಣದಂತೆ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಪೆನ್ನಿನಂಥ ಕೊಳವೆಯನ್ನು ಗದ್ದ, ತುಟಿಯ ಮೇಲೆ ಐದು ಕಡೆ ಇಡುತ್ತಿದ್ದರು. ಆರು ಸಲ ಹೋದೆ. ಬಿಸಿಯೂ ಇಲ್ಲ, ಏನೂ ಇಲ್ಲ.

ಏಳನೆಯ ಸಲ ಹೋದದ್ದು ಒಂದು ಮಧ್ಯಾಹ್ನ. ಕನ್ನಡಕ ಹಾಕಿಸಿಕೊಂಡು ಕುರ್ಚಿಗೆ ಒರಗಿದ್ದೆ. ಸ್ವಲ್ಪ ಹೊತ್ತಿಗೆ ತುಟಿಯ ಅಂಚಿಗೆ ಏನೋ ತಾಗಿತು. ಬೆಚ್ಚಗಿತ್ತು. ಒಂದೊಂದು ಕಡೆ ನಿಂತು ನಿಂತು, ನಿಧಾನಕ್ಕೆ ಗದ್ದಕ್ಕೆ ಇಳಿಯಿತು. ತಿಂಗಳುಗಟ್ಟಲೆ ಸತ್ತಂತಿದ್ದ ಜಾಗ!

"ಡಾಕ್ಟ್ರೇ, ಗೊತ್ತಾಗ್ತದೆ! ಗೊತ್ತಾಗ್ತದೆ!" ಎಂದು ಕೂಗಿದೆ.

"ಎಂತ ಆತು?" ಅವರ ದನಿ ಬಂದದ್ದು ಬಾಗಿಲಾಚೆಯಿಂದ.

ಕನ್ನಡಕ ಕಿತ್ತೆ. ಕೊಳವೆ ಯಂತ್ರದ ಪಕ್ಕದ ಕೊಕ್ಕೆಯಲ್ಲೇ ಇತ್ತು. ಫ್ಯಾನು ನಿಂತಿತ್ತು. ಡಾಕ್ಟರು ಓಡಿ ಬಂದರು, ಹಿಂದೆಯೇ ನರ್ಸ್ ನಾಗವೇಣಿ.

"ನಿಮ್ಗೆ ಕನ್ನಡಕ ಹಾಕಿದ ಕೂಡ್ಲೇ ಕರೆಂಟು ಹೋತಲ್ರಾ. ನಾವಿಬ್ರೂ ಹೊರಗೇ ಇದ್ವು. ಒಳಗೆ ಯಾರೂ ಇರ್ಲಿಲ್ಲ" ಎಂದಳು ನಾಗವೇಣಿ.

ಡಾಕ್ಟರು ಹತ್ತಿಯ ಎಳೆಯಿಂದ ತುಟಿ ಮುಟ್ಟಿ ಮುಟ್ಟಿ ನೋಡಿದರು. ಕಣ್ಣು ಮುಚ್ಚಿಕೊಂಡೇ ಎಲ್ಲ ಜಾಗ ಸರಿಯಾಗಿ ಹೇಳಿದೆ. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಮರುದಿನ ಸೀಟಿ ಊದಿದರೆ ಡ್ರೈವರ್ ಬೆಚ್ಚಿ ತಿರುಗಿ ನೋಡಿದ.

ಆರು ಸಲದ ಫಲ ಅದೇ ಹೊತ್ತಿಗೆ ಕೂಡಿಬಂದಿರಬೇಕು ಎಂದು ಡಾಕ್ಟರು ಹೇಳಿದ್ದರು. ಇರಬಹುದು. ಆದರೆ ಬಿಸುಪು ಇಳಿದ ದಾರಿಯನ್ನು ನಾನು ಬೆರಳೆಳೆದು ತೋರಿಸಿದಾಗ ಅವರು ಕೊಕ್ಕೆಯಲ್ಲಿದ್ದ ಕೊಳವೆಯತ್ತ ತಿರುಗಿ ನೋಡಿದರು. ಅವರು ಯಾವತ್ತೂ ಅದನ್ನು ಗದ್ದದಿಂದ ಮೇಲಕ್ಕೆ, ತುಟಿಯ ಕಡೆಗೆ ಇಡುತ್ತಿದ್ದವರು.

ನಿಮಗೆ ಕಾರಣ ತೋಚಿದರೆ ಹೇಳಿ, ಕೇಳುತ್ತೇನೆ. ಯಾರೂ ಇಲ್ಲದ ಕೋಣೆಯಲ್ಲಿ ಏನೋ ಮುಖ ಮುಟ್ಟಿತೆಂದು ತಿಳಿದ ಮೇಲೂ ನನಗೆ ಒಂದಿಷ್ಟೂ ಹೆದರಿಕೆ ಆಗಲಿಲ್ಲ.