ದಾರ ಬಿಚ್ಚಿದ ಗರಿಕೆ

ಗರಿಕೆಯ ಕಟ್ಟಿಗೆ ಒಂದು ದಾರ ಸುತ್ತಿರುತ್ತದೆ ಎನ್ನುವುದನ್ನು ನೀವು ಗಮನಿಸಿರುತ್ತೀರೋ ಇಲ್ಲವೋ, ನಾನಂತೂ ಬಹುಕಾಲ ಗಮನಿಸಿರಲಿಲ್ಲ. ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಯಡಿಯೂರು ಕೆರೆಯ ತಿರುವಿನಲ್ಲಿ ಹೂ ಮಾರುವ ಮುನಿಯಮ್ಮನಿಂದ ಒಂದು ಕಟ್ಟು ಕೊಂಡು, ಮನೆಗೆ ಬಂದು ಕೈಕಾಲು ತೊಳೆದು, ಅದಕ್ಕೊಂದಿಷ್ಟು ನೀರು ಚಿಮುಕಿಸಿ, ದಾರದ ಸಮೇತ ಗಣಪತಿಯ ತಲೆಯ ಮೇಲಿಟ್ಟು ಕೈಮುಗಿದರೆ ಪೂಜೆಯ ಆ ಭಾಗ ಮುಗಿಯಿತು. ಗಣಪತಿ ಅದರ ಬಗ್ಗೆ ಎಂದೂ ತಕರಾರು ಎತ್ತಿದವನಲ್ಲ. ತಕರಾರು ಎತ್ತದವರ ತಟ್ಟೆಗೆ ಬೀಳುವ ಊಟ ಕ್ರಮೇಣ ಹೇಗಾಗುತ್ತದೆ ಎನ್ನುವುದು, ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿ ಬದುಕು ಸವೆಸಿದ ನನಗೆ ತಿಳಿದಿರಬೇಕಾಗಿತ್ತು.

ಆ ದಾರವನ್ನು ನನ್ನಿಂದ ಬಿಚ್ಚಿಸಿದ್ದು ಕಡುಬು.

ಕಡುಬು ಎಂದರೆ ನಮ್ಮ ಮನೆಯಲ್ಲಿದ್ದ ಗಿನಿಪಿಗ್. ಮೇಲಿನ ಮನೆಯ ಬಾಡಿಗೆದಾರರು ವರ್ಗವಾಗಿ ಹೋಗುವಾಗ “ಮನೆ ಸೆಟ್ ಆಗೋವರೆಗೆ ಮಾತ್ರ ಆಂಟಿ” ಎಂದು ಪಂಜರ ಇಟ್ಟು ಹೋದರು. ಅವರ ಮನೆ ಇನ್ನೂ ಸೆಟ್ ಆದಂತಿಲ್ಲ. ಮುಷ್ಟಿಗಿಂತ ಸ್ವಲ್ಪ ದೊಡ್ಡದಾಗಿ, ಬಾಲವಿಲ್ಲದೆ, ಎರಡು ಕಡೆಯೂ ಒಂದೇ ರೀತಿ ದುಂಡಗಿದ್ದ ಆ ಜೀವವನ್ನು ನೋಡಿದ ಕ್ಷಣವೇ ಆ ಹೆಸರಿಟ್ಟವಳು ನನ್ನ ತಂಗಿ ನಾಗರತ್ನ. ಬ್ಯಾಂಕಿನಿಂದ ನಿವೃತ್ತಳಾದವಳು, ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ನನಗೆ ಗಡಿಯಾರ ಹೇಗೋ ಅವಳಿಗೆ ಪಂಚಾಂಗ ಹಾಗೆ.

ಹುಲ್ಲು ತಿನ್ನುವ ಪ್ರಾಣಿಯಾದ್ದರಿಂದ ಮೊದಲ ದಿನ ಗಣಪತಿಯ ಮೇಲಿನ ಗರಿಕೆಯನ್ನು ಇಳಿಸಿ ಹಾಗೆಯೇ ಮುಂದಿಟ್ಟೆ. ಗರಿಕೆಯ ಜೊತೆಗೆ ದಾರವೂ ಅರ್ಧ ಒಳಗೆ ಹೋದದ್ದನ್ನು ಕಂಡು ನಾಗರತ್ನ ಕೂಗಿಕೊಂಡಳು, ಎಳೆದು ತೆಗೆದದ್ದಾಯಿತು. ಅಂದಿನಿಂದ ಎರಡು ಕಟ್ಟು ತರತೊಡಗಿದೆ. ಒಂದು ದಾರದ ಸಮೇತ ದೇವರಿಗೆ. ಇನ್ನೊಂದನ್ನು ಬಿಚ್ಚಿ, ಹಳೆಯ ಪೇಪರಿನ ಮೇಲೆ ಹರಡಿ, ಹಳದಿ ಎಸಳು ಬೇರೆ, ನಡುವೆ ಸೇರಿದ ಕಳೆ ಬೇರೆ ಮಾಡಿ, ತೊಳೆದು, ನೀರು ಬಸಿದು ಕಡುಬಿಗೆ. ಗಣಪತಿಯ ವಾಹನದ ದಾಯಾದಿಯಂತಿದ್ದ ಅವನಿಗೆ ಸಲ್ಲುತ್ತಿದ್ದ ಈ ಉಪಚಾರ ನೋಡಿ ನಾಗರತ್ನ, “ಚೆನ್ನಾಗಿದೆ ಅಕ್ಕ ನಿನ್ ನ್ಯಾಯ. ಗಾಡಿಗೆ ಪ್ರೀಮಿಯಂ ಪೆಟ್ರೋಲು, ಓನರ್‌ಗೆ ಮಾಮೂಲಿ” ಎನ್ನುತ್ತಿದ್ದಳು. ಏನು ಮಾಡಲಿ, ತಕರಾರು ಎತ್ತುವವನು ಅವನೇ ಆಗಿದ್ದ. ಪ್ಲಾಸ್ಟಿಕ್ ಕವರಿನ ಸದ್ದಾದರೆ ಸಾಕು, ಕುಕ್ಕರಿಗೂ ನಾಚಿಕೆಯಾಗುವಂಥ ಸೀಟಿ. ನಾನು ವಾಕಿಂಗಿನಿಂದ ತಡವಾಗಿ ಬಂದ ದಿನ ಅವನ ಸೀಟಿ ಗೇಟಿನವರೆಗೆ ಕೇಳುತ್ತಿತ್ತು. ಇಷ್ಟು ಸಮಯಪ್ರಜ್ಞೆಯ ವಿದ್ಯಾರ್ಥಿನಿಯೊಬ್ಬಳೂ ನನ್ನ ಹಾಸ್ಟೆಲಿನಲ್ಲಿ ಇರಲಿಲ್ಲ.

ಕಾಯಿಲೆ ಬಂದದ್ದು ಒಂದು ಏಕಾದಶಿಯ ದಿನ. ಅಥವಾ ನಾವು ಕಂಡದ್ದು ಅಂದು. ನಾಗರತ್ನ ಉಪವಾಸವಿದ್ದಳು. ಕಡುಬೂ ಗರಿಕೆಯನ್ನು ಮೂಸಿ ಹಾಗೆಯೇ ಕೂತ. “ನೋಡಕ್ಕ, ಇವನಿಗೂ ತಿಥಿ ಗೊತ್ತು” ಎಂದು ಅವಳು ನಕ್ಕಳು, ನಾನೂ ನಕ್ಕೆ. ಉಪ್ಪಿಟ್ಟು ಬೇಡವೆಂದು ತಟ್ಟೆ ತಳ್ಳಿದ ಹುಡುಗಿ ಮಧ್ಯಾಹ್ನದ ಗಂಟೆಗೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುವುದನ್ನು ಜೀವಮಾನವಿಡೀ ಕಂಡವಳು ನಾನು. ಹಸಿದರೆ ತಾನೇ ತಿನ್ನುತ್ತಾನೆ ಎನ್ನುವುದು ನನ್ನ ಶಾಸ್ತ್ರ. ಹೀಗೆ ಒಬ್ಬಳ ವ್ರತ, ಇನ್ನೊಬ್ಬಳ ಶಿಸ್ತು ಸೇರಿ ಅವನ ಒಂದು ದಿನವನ್ನು ತಿಂದವು. ದ್ವಾದಶಿಯ ಬೆಳಿಗ್ಗೆ ಸೀಟಿಯೂ ಇಲ್ಲದಿದ್ದಾಗ ಆಟೋ ಹಿಡಿದು ಬಿಟಿಎಂ ಲೇಔಟಿನ ಪ್ರಾಣಿವೈದ್ಯರ ಬಳಿಗೆ ಓಡಿದೆವು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಾಯೊಳಗೆ ಬೆಳಕು ಬಿಟ್ಟು ನೋಡಿ, “ಹಿಂದಿನ ಹಲ್ಲು ಬೆಳೆದು ಒಳಗಡೆ ಬಾಗಿವೆ ಆಂಟಿ, ನಾಲಿಗೆ ಅಲ್ಲಾಡಿಸಕ್ಕೆ ಜಾಗ ಇಲ್ಲ. ಇನ್ಮೇಲೆ ಊಟ ಬಿಟ್ರೆ ಕಾಯ್ಬೇಡಿ. ಇವು ಒಂದಿನ ಖಾಲಿ ಇದ್ರೂ ಕರುಳು ನಿಂತುಬಿಡತ್ತೆ” ಎಂದರು. ಮತ್ತಿನ ಸೂಜಿ ಕೊಟ್ಟು ಬೆಳೆದ ಹಲ್ಲನ್ನು ಸವರಿ ಗಿಡ್ಡ ಮಾಡಿದರು. ಕೆಲವು ದಿನ ಸೀಟಿ ಮರಳಿತು. ಆಮೇಲೆ ದವಡೆಯ ಕೆಳಗೆ ಗಂಟು ಕಾಣಿಸಿಕೊಂಡಿತು. ಎಕ್ಸ್‌ರೇ ನೋಡಿದ ಡಾಕ್ಟರು ಕೀವು ಮೂಳೆಗೇ ಇಳಿದಿದೆ, ವಯಸ್ಸಾಗಿದೆ, ಇನ್ನೊಮ್ಮೆ ಮತ್ತು ಕೊಟ್ಟರೆ ತಡೆಯಲಾರ ಎಂದರು. “ನೋವಿಗೆ ಔಷಧಿ ಹಾಕ್ಕೊಂಡು, ಸಿರಿಂಜಲ್ಲಿ ತಿನ್ನಿಸ್ತಾ ಹೋಗಬಹುದು. ಸಾಕು ಅನ್ಸಿದಾಗ ಹೇಳಿ, ನೋವಿಲ್ಲದೆ ಕಳಿಸಿಕೊಡೋಣ. ಯಾವಾಗ ಅಂತ ನಾನು ಹೇಳಲ್ಲ ಆಂಟಿ. ದಿನಾ ನೋಡೋರು ನೀವು.”

ಈ ಮಾತು ನಮ್ಮಿಬ್ಬರನ್ನೂ ಬೆಚ್ಚಿಸಿತು. ಆಯಸ್ಸು ಇದ್ದಷ್ಟು ದಿನ ಎಂದು ಹೇಳಿಕೊಂಡು ಬೆಳೆದವರು ನಾವು. ಆ ಲೆಕ್ಕವನ್ನು ಇನ್ನಾರೋ ನೋಡಿಕೊಳ್ಳುತ್ತಾರೆ ಎನ್ನುವುದು ಎಷ್ಟು ದೊಡ್ಡ ನೆಮ್ಮದಿಯೆಂದು ಅದು ನಮ್ಮ ಕೈಗೆ ಬಂದಾಗಲೇ ಗೊತ್ತಾದದ್ದು.

ಆದರೆ ನನಗೆ ಕೆಲಸವೊಂದು ಸಿಕ್ಕಿತಲ್ಲ, ಅದು ಸಾಕಾಯಿತು. ಡಾಕ್ಟರು ಕೊಟ್ಟ ಹುಲ್ಲಿನ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸುವುದು, ಅವನನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳುವುದು, ತುಟಿಯ ಪಕ್ಕದಿಂದ ಸಿರಿಂಜ್ ತೂರಿಸಿ ಸ್ವಲ್ಪ ಸ್ವಲ್ಪವೇ ಒತ್ತುವುದು, ಗದ್ದ ಒರೆಸುವುದು, ಅಡುಗೆಮನೆಯ ತಕ್ಕಡಿಯಲ್ಲಿ ತೂಗುವುದು. ಹೊತ್ತುಹೊತ್ತಿಗೆ ತಿನ್ನಿಸಲೆಂದು ಇಟ್ಟ ಅಲಾರಂ ಹೊಡೆಯುವ ಮೊದಲೇ ನಾನು ಸಿದ್ಧ. ತೂಕ ಇಳಿಯಲಿಲ್ಲ. ನನಗೆ ಹೆಮ್ಮೆಯೇ ಆಯಿತೆನ್ನಬೇಕು.

ನಮ್ಮ ಕಡೆ ಕಾಯಿಲೆಯನ್ನು ಅಳೆಯುವುದೇ ಊಟದಿಂದ, ಯೋಚಿಸಿ ನೋಡಿ. ಆಸ್ಪತ್ರೆಗೆ ನೋಡಲು ಬಂದವರು ಮೊದಲು ಕೇಳುವುದು “ಊಟ ಮಾಡ್ತಿದಾರಾ?” ಎಂದು. ನಾಲ್ಕು ತುತ್ತು ಹೋಯಿತು ಎಂದರೆ ಒಳ್ಳೆಯ ಸುದ್ದಿ. ಬಂದವರು ಸಮಾಧಾನದಿಂದ ಎದ್ದು ಹೋಗುತ್ತಾರೆ. ಇಲ್ಲೇ ಶ್ರೀನಗರದ ಹಳೆಯ ಮನೆಯಲ್ಲಿ ನಮ್ಮಮ್ಮ ಕಾಯಿಲೆಯಿಂದ ಮಲಗಿದ್ದಾಗ ಅವಳ ಬಾಯಿಗೆ ಗಂಜಿ ಹಾಕಿ ಹೊರಗೆ ಬಂದು “ಕುಡಿದಳು” ಎಂದು ಪ್ರಕಟಿಸುವುದೇ ನಮ್ಮ ದಿನಚರಿಯಾಗಿತ್ತು. ಅವಳಿಗೆ ಅದು ಬೇಕಿತ್ತೇ ಎಂದು ಕೇಳುವುದು ನಮಗ್ಯಾರಿಗೂ ತೋಚಲಿಲ್ಲ. ತಿನ್ನಿಸುವವರಿಗೂ ಏನಾದರೊಂದು ಬೇಕಲ್ಲ.

ಇತ್ತ ನಾಗರತ್ನ ಡಾಕ್ಟರಿಗೆ ಕೊಡಬೇಕಾದ ಉತ್ತರವನ್ನು ಪಂಚಾಂಗದಲ್ಲಿ ಹುಡುಕುತ್ತಿದ್ದಳು. “ಸಂಕಷ್ಟಿ ಒಂದು ಕಳೀಲಿ ಅಕ್ಕ.” ಸಂಕಷ್ಟಿ ಕಳೆಯಿತು. “ಶುಕ್ರವಾರ ಯಾರಾದ್ರೂ ಮನೆಯಿಂದ ಕಳಿಸ್ತಾರಾ?” ಆಮೇಲೆ ಶನಿವಾರ ಬಂತು, ಅದರ ವಿಷಯ ಕೇಳುವುದೇ ಬೇಡ. ಆಮೇಲೆ ಅಮಾವಾಸ್ಯೆ ಹತ್ತಿರವಾಯಿತು. ಮದುವೆಗೆ, ಗೃಹಪ್ರವೇಶಕ್ಕೆ, ಬೋರ್‌ವೆಲ್ ಕೊರೆಸುವುದಕ್ಕೆ ಪಂಚಾಂಗದಲ್ಲಿ ದಿನವಿದೆ. ಸತ್ತ ಮೇಲೆ ನೋಡಲು ನಕ್ಷತ್ರವಿದೆ. ಒಂದು ಜೀವವನ್ನು ಕಳಿಸಿಕೊಡಲು ಒಳ್ಳೆಯ ದಿನ ಯಾವುದೆಂದು ಹೇಳುವ ಪುಟ ಮಾತ್ರ ಇಲ್ಲ. ಇವಳು ಸುಮ್ಮನೆ ಮುಂದೂಡುತ್ತಿದ್ದಾಳೆ ಎಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ.

ಒಂದು ಮಧ್ಯಾಹ್ನ ಸಿರಿಂಜ್ ತೊಳೆಯುತ್ತ, “ಇವತ್ತೂ ಪೂರ್ತಿ ತಿಂದ” ಎಂದೆ.

“ತಿಂದನಾ, ನೀನು ತಿನ್ನಿಸಿದ್ಯಾ?”

“ಎರಡೂ ಒಂದೇ ಕಣೇ.”

“ಒಂದೇ ಅಲ್ಲ ಅಕ್ಕ.” ಅವಳು ಪಂಜರದ ಮುಂದೆ ನೆಲದ ಮೇಲೆ ಕೂತಿದ್ದಳು. “ನಾನು ಪಂಚಾಂಗ ನೋಡ್ಕೊಂಡು ಮುಂದಕ್ಕೆ ಹಾಕ್ತಿದೀನಿ ಅಂತ ನಿಂಗೆ ಸಿಟ್ಟು. ಗೊತ್ತು ನಂಗೆ. ನೀನು ಗಡಿಯಾರ ನೋಡ್ಕೊಂಡು ಮುಂದಕ್ಕೆ ಹಾಕ್ತಿದೀಯ. ಇಬ್ಬರಿಗೂ ಇವನನ್ನ ನೋಡಕ್ಕೆ ಪುರುಸೊತ್ತಿಲ್ಲ.”

ನಾನು ಕೈ ಒರೆಸಿಕೊಂಡು, ಮಂಡಿನೋವಿನ ಕಾಲುಗಳನ್ನು ಹೇಗೋ ಮಡಚಿ ಅವಳ ಪಕ್ಕ ಕೂತೆ. ಗರಿಕೆಯ ಕವರನ್ನು ಬೇಕೆಂದೇ ಸದ್ದು ಮಾಡುತ್ತ ಬಿಚ್ಚಿದೆ. ಸೀಟಿ ಬರಲಿಲ್ಲ, ಆದರೆ ತಲೆ ತಿರುಗಿತು. ನಿಧಾನವಾಗಿ ಬಂದು ಒಂದು ಎಸಳನ್ನು ತುಟಿಯಲ್ಲಿ ಹಿಡಿದ. ದವಡೆ ಒಮ್ಮೆ ಆಡಿತು, ನಿಂತಿತು, ಎಸಳು ಬಿತ್ತು. ಮತ್ತೆ ಎತ್ತಿಕೊಂಡ, ಮತ್ತೆ ಬಿತ್ತು. ಆಮೇಲೆ ಹುಲ್ಲಿಗೆ ಬೆನ್ನು ತಿರುಗಿಸಿ, ಪಂಜರದ ಮೂಲೆಗೆ ಮುಖವೊತ್ತಿ ಕೂತ. ಹೊಟ್ಟೆ ತುಂಬಿತ್ತು, ತೂಕ ಸರಿಯಿತ್ತು, ನನ್ನ ವೇಳಾಪಟ್ಟಿ ಅಚ್ಚುಕಟ್ಟಾಗಿ ನಡೆದಿತ್ತು. ಗರಿಕೆ ತಿನ್ನುವ ಸುಖವೊಂದಕ್ಕಾಗಿ ಗೇಟಿನವರೆಗೆ ಸೀಟಿ ಹೊಡೆಯುತ್ತಿದ್ದವನು ಮಾತ್ರ ಅಲ್ಲಿರಲಿಲ್ಲ.

“ಡಾಕ್ಟರಿಗೆ ಫೋನ್ ಮಾಡ್ತೀನಿ. ನಾಳೆ ಬೆಳಿಗ್ಗೆ” ಎಂದೆ.

ನಾಗರತ್ನ ಬಿದ್ದ ಎಸಳನ್ನು ಎತ್ತಿಕೊಂಡಳು. “ನಾಳೆ ಏನಿದೆ ಅಂತ ನಾನು ನೋಡಲ್ಲ” ಎಂದಳು.

ಮರುದಿನದ ಆಟೋದವನು ನಾಗರತ್ನಳ ಮಡಿಲಿನ ಬುಟ್ಟಿಯನ್ನು ಕನ್ನಡಿಯಲ್ಲಿ ನೋಡಿ, “ಏನಮ್ಮ ಅದು, ಮೊಲಾನಾ?” ಎಂದ. ಗಿನಿಪಿಗ್ ಎಂದೆ. “ಪಿಗ್ಗಾ! ಇಷ್ಟೇನಾ ಬೆಳೆಯೋದು?” ಅಳುತ್ತಿದ್ದ ನಾಗರತ್ನಳಿಗೂ ನಗು ಬಂತು. “ಇಷ್ಟೇ ಕಣಪ್ಪ” ಎಂದಳು.

ಡಾಕ್ಟರು ಎಲ್ಲವನ್ನೂ ಮೊದಲೇ ಬಿಡಿಸಿ ಹೇಳಿದರು: ಮೊದಲು ಮತ್ತಿನ ಸೂಜಿ, ಅದು ಪೂರ್ತಿ ಹಿಡಿದ ಮೇಲೆ ಕೊನೆಯ ಸೂಜಿ. ಹೊರಗೆ ಕೂರುತ್ತೀರಾ ಎಂದು ಕೇಳಿದರು. ಹಾಸ್ಟೆಲಿನಲ್ಲಿ ದೀಪವಾರಿದ ಮೇಲೆ ಕಾರಿಡಾರಿನ ಕೊನೆಯ ಪಿಸುಮಾತು ಅಡಗುವವರೆಗೆ ನಿಂತು ಆಮೇಲೆ ನನ್ನ ಕೋಣೆಗೆ ಹೋಗುವುದು ನನ್ನ ರೂಢಿ. ಇಲ್ಲೇ ಇರುತ್ತೇವೆ ಎಂದೆ. ನಾಗರತ್ನ ಅವನ ಬೆನ್ನಿನ ಮೇಲೆ ಕೈಯಿಟ್ಟಳು, ನಾನು ಅವನ ಮೂಗಿನ ಹತ್ತಿರ ಒಂದು ಗರಿಕೆಯ ಎಸಳು ಹಿಡಿದೆ. ಅವನು ಅದನ್ನು ಮೂಸಿದ. ಉಸಿರು ನಿಧಾನವಾಯಿತು, ಕೈಯ ಕೆಳಗೆ ಮೈ ಭಾರವಾಯಿತು. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಕೇಳಿ ತಲೆಯಾಡಿಸಿದಾಗ ಇಷ್ಟೇನಾ ಅನ್ನಿಸಿತು. ಹೌದು, ಇಷ್ಟೇ. ಮನೆಗೆ ತಂದು ಕಾಂಪೌಂಡಿನ ನಂದಿಬಟ್ಟಲ ಬುಡದಲ್ಲಿ ಮಣ್ಣು ಮಾಡಿದೆವು. ಆ ಮಧ್ಯಾಹ್ನ ಅಲಾರಂ ತನ್ನ ಹೊತ್ತಿಗೆ ಹೊಡೆದುಕೊಂಡಿತು. ನಾಗರತ್ನ ಎದ್ದು ಹೋಗಿ ನಿಲ್ಲಿಸಿದಳು.

ಮಾರನೆಯ ಬೆಳಿಗ್ಗೆ ಮುನಿಯಮ್ಮ ಎರಡು ಕಟ್ಟು ತೆಗೆದಿಟ್ಟಿದ್ದಳು.

“ಒಂದು ಸಾಕು” ಎಂದೆ.

“ಯಾಕಮ್ಮ, ಮೊಲ ವಾಪಸ್ ಕೊಟ್ಬಿಟ್ರಾ?”

“ಹೂಂ, ಕೊಟ್ಟುಬಿಟ್ವಿ.”

ಮನೆಗೆ ಬಂದು ಕೈಕಾಲು ತೊಳೆದೆ. ಪೇಪರ್ ಹಾಸಿ, ದಾರ ಬಿಚ್ಚಿ, ಗರಿಕೆ ಹರಡಿ, ಹಳದಿ ಎಸಳುಗಳನ್ನು ಅರ್ಧ ಆರಿಸಿಯಾದ ಮೇಲೆ ಇದು ದೇವರ ಕಟ್ಟು ಎಂದು ನೆನಪಾಯಿತು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳುವ ಅಭ್ಯಾಸ ನನಗಿಲ್ಲ. ಪೂರ್ತಿ ಆರಿಸಿದೆ, ತೊಳೆದೆ, ನೀರು ಬಸಿದೆ. ಬಾಗಿಲಲ್ಲಿ ನಿಂತಿದ್ದ ನಾಗರತ್ನ, “ಅಂತೂ ಓನರ್‌ಗೂ ಪ್ರೀಮಿಯಂ ಬಂತು” ಎಂದು ಅಡುಗೆಮನೆಗೆ ಹೋದಳು.

ಈಗ ದಿನವೂ ಹಾಗೆಯೇ ನಡೆಯುತ್ತಿದೆ. ಒಂದೇ ತೊಡಕೆಂದರೆ, ದಾರವಿಲ್ಲದ ಗರಿಕೆ ಗಣಪತಿಯ ತಲೆಯ ಮೇಲೆ ನಿಲ್ಲುವುದಿಲ್ಲ; ಎಷ್ಟು ಒಪ್ಪವಾಗಿಟ್ಟರೂ ಜಾರಿ ಅವನ ಬಾಯಿಯ ಹತ್ತಿರ ಬಂದು ಬೀಳುತ್ತದೆ. ಮೊದಲೆರಡು ದಿನ ಎತ್ತಿ ಮೇಲಿಟ್ಟೆ. ಈಗ ಅಲ್ಲೇ ಇರಲಿ ಎಂದು ಬಿಟ್ಟಿದ್ದೇನೆ.