ಕೆಡದಿದ್ದ ಗೇರ್‌ಬಾಕ್ಸ್

ನಮ್ಮ ಹಳೆಯ ಲಾರಿಯ ಗೇರ್‌ಬಾಕ್ಸ್ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದವನು ನಾನು. ಕೆಟ್ಟಿಲ್ಲವೆಂದು ಗೊತ್ತಿದ್ದೇ ಹೇಳಿದೆ — ಒಂದೇ ಮಾತು, ಅದೂ ಯಾರೋ ಕೇಳಿದ್ದಕ್ಕೆ ಉತ್ತರವಾಗಿ. ಆ ಮಾತಿನಿಂದ ಒಬ್ಬ ಮನುಷ್ಯ ಎಡಗಾಲು ಕಳೆದುಕೊಂಡ. ಹೀಗೆ ಬರೆದರೆ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳಂತೆ ಕಾಣುತ್ತವೆ. ಸಂಬಂಧ ಇತ್ತು. ಬಹಳ ಕಾಲ ಅದು ನನಗೊಬ್ಬನಿಗೇ ಗೊತ್ತಿತ್ತು.

ಆ ಮನುಷ್ಯ ರಂಗಸಾಮಿ, ನನ್ನ ಅಕ್ಕ ನಾಗಮ್ಮನ ಗಂಡ. ನಮ್ಮ ಕಡೆ ಅಕ್ಕನ ಗಂಡನನ್ನು ಮಾಮ ಎನ್ನುತ್ತೇವೆ. ಅವರು ನನ್ನನ್ನು ಮಾಪ್ಳೆ ಎನ್ನುತ್ತಾರೆ. ತಮಿಳು ಸೀಮೆಯಲ್ಲಿ ನೆಲೆಸಿದ ಕನ್ನಡದವರು ನಾವು. ಮಾರ್ಕಯನ್‌ಕೋಟ್ಟೈಯಲ್ಲಿ ನಮ್ಮೆರಡು ಮನೆಗಳೂ ಒಂದೇ ಬೀದಿ. ನನ್ನ ಕೈಗೆ ಸ್ಟೀರಿಂಗ್ ಕೊಟ್ಟವರು ಅವರು. ಬೇರೆಯವರ ಬಳಿ ಕೂಲಿಗೆ ಓಡಿಸುತ್ತಿದ್ದವನನ್ನು ಕರೆದು ತಮ್ಮ ಲಾರಿಯಲ್ಲಿ ಪಾಲು ಕೊಟ್ಟವರೂ ಅವರೇ. ಓಡೈಪಟ್ಟಿಯ ದ್ರಾಕ್ಷಿ, ಚಿನ್ನಮನೂರಿನ ಬಾಳೆ, ಯಾವುದು ಸಿಕ್ಕರೆ ಅದನ್ನು ತುಂಬಿಕೊಂಡು ಇಬ್ಬರೂ ದಿಂಡುಗಲ್ ಮಂಡಿಗೆ ಹೋಗುತ್ತಿದ್ದೆವು. ಹೆಚ್ಚಾಗಿ ಅವರೇ ಓಡಿಸುತ್ತಿದ್ದರು. ಲಾರಿಯೆಂದರೆ ಅವರಿಗೆ ಅಷ್ಟು ಪ್ರಾಣ.

ಒಂದು ಬೇಸಿಗೆಯಲ್ಲಿ ಗೇರ್ ಹಾಕುವಾಗಲೆಲ್ಲ ಕರಕರ ಸದ್ದು ಶುರುವಾಯಿತು. ಎರಡರಿಂದ ಮೂರಕ್ಕೆ ಹೋಗುವಾಗ ಹಲ್ಲು ಕಡಿದಂತೆ. ಮಾಮ ಮುಖ ಸಿಂಡರಿಸಿ, ಕೈ ಬಿಗಿ ಹಿಡಿದು ಮತ್ತೆ ತಳ್ಳುತ್ತಿದ್ದರು. ಬಾಕ್ಸ್ ಬಿಚ್ಚಿಸಿ ಒಳಗೆ ಸವೆದದ್ದನ್ನೆಲ್ಲ ಹೊಸದು ಹಾಕಿಸಿದರೆ ಇನ್ನೂ ಎಷ್ಟೋ ಕಾಲ ಓಡುತ್ತದೆ ಎಂಬುದು ಅವರ ಪಟ್ಟು. ಇಷ್ಟು ವಯಸ್ಸಾದ ಲಾರಿಗೆ ಗೇರ್‌ಬಾಕ್ಸ್ ಮಾಡಿಸಿದರೆ ನಾಳೆ ಇಂಜಿನ್ ಕೈಕೊಡುತ್ತದೆ, ಕೊಟ್ಟುಬಿಟ್ಟು ಹೊಸದು ತರೋಣ ಎಂಬುದು ನನ್ನದು. ನನಗೆ ಹೊಸ ಲಾರಿ ಬೇಕಿತ್ತು — ಬಹಳ ಬೇಕಿತ್ತು. ಮಂಡಿಯಲ್ಲಿ ನನ್ನ ಓರಗೆಯವರು ಫಳಫಳ ಹೊಳೆಯುವ ಕ್ಯಾಬಿನ್‌ನಿಂದ ಇಳಿಯುವಾಗ ನಾನು ತಗಡು ಬಡಿಸಿದ ಬಾಗಿಲು ಎತ್ತಿ ಮುಚ್ಚಬೇಕಾಗುತ್ತಿತ್ತು. ಕಾರಣ ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಕೊನೆಗೆ ಬತ್ತಲಗುಂಡಿನಲ್ಲಿ ಮಾಮನಿಗೆ ನಂಬಿಕೆಯಿದ್ದ ಮೆಕ್ಯಾನಿಕ್ ಸೆಲ್ವಂ ಹತ್ತಿರ ತೋರಿಸುವುದೆಂದಾಯಿತು. ಆ ಬೆಳಿಗ್ಗೆ ಮಾಮ ಬತ್ತಲಗುಂಡು ಸಂತೆಯಲ್ಲಿ ವ್ಯಾಪಾರಿಯೊಬ್ಬನ ಜೊತೆ ಮಾತಿಗೆ ನಿಂತರು. ಡೀಸೆಲ್ ಹಾಕಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ನಾನೊಬ್ಬನೇ ಲಾರಿ ಹೊರಡಿಸಿದೆ. ಒಂದು, ಎರಡು, ಮೂರು — ಸದ್ದೇ ಇಲ್ಲ. ಕೇಳಿಸಲಿಲ್ಲವೇನೋ ಎಂದು ಕಿಟಕಿಯ ಗಾಜು ಏರಿಸಿದೆ. ಮತ್ತೆ ಗೇರು ಇಳಿಸಿ ಹಾಕಿದೆ, ಏರಿಸಿ ಹಾಕಿದೆ. ಗೇರು ಸಲೀಸಾಗಿ ಬೀಳುತ್ತಿತ್ತು. ಈಚೆಗೆ ಎಷ್ಟೋ ವಾರದಿಂದ ನಾನು ಓಡಿಸಿರಲೇ ಇಲ್ಲ ಎಂಬುದು ಆಗ ಹೊಳೆಯಿತು.

ಹಿಂದಿರುಗಿ ಬಂದೆ. ಮಾಮ ಹತ್ತಿ ಕೂತರು. ಮೊದಲ ಗೇರಿಗೇ ಕರಕರ. ನಾನು ಗೇರ್ ಕೋಲನ್ನು ನೋಡಲಿಲ್ಲ, ಅವರ ಕಾಲು ನೋಡಿದೆ. ಕ್ಲಚ್ ಪೆಡಲ್ ಅರ್ಧ ದಾರಿಯಲ್ಲಿ ನಿಂತಿತ್ತು. ಪೂರ್ತಿ ಒತ್ತಿದ್ದೇನೆ ಎಂದೇ ಅವರು ನಂಬಿದ್ದರು. ಎಡಗಾಲಿನ ಚಪ್ಪಲಿ ಜಾರಿ ಕೆಳಗೆ ಬಿದ್ದಿತ್ತು. ಅದೂ ಅವರಿಗೆ ಗೊತ್ತಿರಲಿಲ್ಲ. ‘ಮಾಮ, ಚಪ್ಪಲಿ’ ಎಂದೆ. ಬಗ್ಗಿ ನೋಡಿ ನಕ್ಕರು. ಕಾಲಿನಿಂದ ತಡಕಾಡಿದರು, ಚಪ್ಪಲಿಯ ಮೇಲೇ ಪಾದವಿದ್ದರೂ ತಡಕಾಡುತ್ತಲೇ ಇದ್ದರು. ಕೆಟ್ಟದ್ದು ಲಾರಿಯಲ್ಲ, ಇವರ ಕಾಲು. ‘ಹೊರಡೋಣ ಮಾಮ’ ಎಂದೆ.

ಸೆಲ್ವಂ ಲಾರಿಯ ಕೆಳಗೆ ಹೋಗಿ ಬಂದ. ಬಿಚ್ಚದೆ ಏನೂ ಹೇಳಲಾಗುವುದಿಲ್ಲ, ಬಿಚ್ಚುವ ಮೊದಲು ಒಂದು ವಿಷಯ ಗೊತ್ತಾಗಬೇಕು ಎಂದ. ಕೈ ಒರೆಸಿಕೊಳ್ಳುತ್ತ, ಮಾಮನನ್ನು ಬಿಟ್ಟು ನನ್ನತ್ತ ತಿರುಗಿ ತಮಿಳಿನಲ್ಲಿ ಕೇಳಿದ: “ನೀನು ಓಡಿಸಿದರೂ ಹೀಗೇನಾ?”

ಮಾಮ ನನ್ನ ಮುಖ ನೋಡಿದರು.

“ನಾನು ಓಡಿಸಿದರೂ ಹೀಗೇ” ಎಂದೆ.

ಇದೇ ಆ ಮಾತು. ಹೇಳಲು ಒಂದು ಉಸಿರಿನ ಹೊತ್ತೂ ಹಿಡಿಯಲಿಲ್ಲ. ತೊಂದರೆ ಕಾಲಿನದೆಂದು ಹೇಳಿದ್ದರೆ ಮಾಮ ಆಸ್ಪತ್ರೆಗೆ ಹೋಗುತ್ತಿದ್ದರು, ಲಾರಿ ಇದ್ದಂತೇ ಇರುತ್ತಿತ್ತು, ಹೊಸದರ ಮಾತು ಅಲ್ಲಿಗೇ ಮುಗಿಯುತ್ತಿತ್ತು — ಇಷ್ಟೆಲ್ಲ ಲೆಕ್ಕ ಆ ಒಂದು ಕ್ಷಣದಲ್ಲಿ ನನ್ನೊಳಗೆ ನಡೆದುಹೋಯಿತು. ಹಾಗಾದರೆ ತೊಂದರೆ ಒಳಗೇ ಇದೆ, ಬಾಕ್ಸನ್ನೇ ಬದಲಿಸಬೇಕಾದೀತು, ಈ ವಯಸ್ಸಿನ ಲಾರಿಗೆ ಅದು ಬೇಕೇ ಯೋಚನೆ ಮಾಡಿ ಎಂದ ಸೆಲ್ವಂ. ಮಾಮ ಬಾನೆಟ್ ಮೇಲೆ ಅಂಗೈ ಇಟ್ಟರು. ಆಮೇಲೆ ಸರಿ, ಕೊಟ್ಟುಬಿಡೋಣ ಎಂದರು.

ದಿಂಡುಗಲ್‌ನ ಹೊರಗೆ ಹಳೆಯ ಗಾಡಿಗಳನ್ನು ಕತ್ತರಿಸುವ ಜಾಗಕ್ಕೆ ಲಾರಿಯನ್ನು ನಾನೇ ಒಯ್ದೆ. ಮಾಮ ಬರಲಿಲ್ಲ, ನೋಡಲಾರೆ ಎಂದರು. ದಾರಿಯುದ್ದಕ್ಕೂ ಅದು ಒಂದು ಸಲವೂ ಕರಕರ ಎನ್ನಲಿಲ್ಲ.

ಹೊಸ ಲಾರಿಯ ಕ್ಲಚ್ ಮೆತ್ತಗೆ, ಮುಟ್ಟಿದರೆ ಸಾಕು ಇಳಿಯುತ್ತಿತ್ತು. ಹೊಸ ಗಾಡಿಗೆ ಚಪ್ಪಲಿ ಮೆಟ್ಟಿ ಹತ್ತಬಾರದೆಂದು ಮಾಮ ಬರಿಗಾಲಲ್ಲೇ ಓಡಿಸಿದರು. ಮೊದಲ ದಿನ ಚಿನ್ನಮನೂರು ದಾಟುವಷ್ಟರಲ್ಲಿ ಅವರ ಮುಖದಲ್ಲಿ ಹುಡುಗುತನ ಬಂದಿತ್ತು. “ನೋಡ್ದ್ಯಾ ಮಾಪ್ಳೆ, ತಪ್ಪು ಆ ವಂಡಿದು. ನಂದಲ್ಲ” ಎಂದು ಹಳೆಯ ಲಾರಿಯನ್ನು ದೂರಿದರು.

ಆಗ ತಿಳಿಯಿತು — ಅವರಿಗೆ ತಮ್ಮ ಮೇಲೇ ಅನುಮಾನವಿತ್ತು. ಸೆಲ್ವಂನ ಎದುರು ನನ್ನ ಮುಖ ನೋಡಿದ್ದು ಅದಕ್ಕೇ. ಆ ಅನುಮಾನ ಇನ್ನು ಸ್ವಲ್ಪ ದಿನ ಉಳಿದಿದ್ದರೆ ಅವರೇ ವೈದ್ಯರ ಬಾಗಿಲಿಗೆ ಹೋಗುತ್ತಿದ್ದರೋ ಏನೋ. ನಾನು ಅದನ್ನೂ ಅಳಿಸಿಹಾಕಿದ್ದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ‘ಹೌದು ಮಾಮ’ ಎಂದೆ.

ಮುಂದಿನ ದ್ರಾಕ್ಷಿ ಕೊಯ್ಲಿನಲ್ಲಿ ಅದು ನಡೆಯಿತು. ಓಡೈಪಟ್ಟಿಯ ತೋಟವೊಂದರಲ್ಲಿ ಬರಿಗಾಲಲ್ಲೇ ಇಳಿದು ಲೋಡು ತುಂಬಿಸಿದ ಮಾಮ ತಾವೇ ಓಡಿಸಿದರು, ದಿಂಡುಗಲ್ ತಲುಪಿದೆವು. ಮಂಡಿಯಲ್ಲಿ ಅವರು ಇಳಿದು ಒಳಗೆ ಹೋದರು. ಲಾರಿಯನ್ನು ಹಿಂದಕ್ಕೆ ತೆಗೆಯಲು ನಾನು ಸೀಟಿಗೆ ಹತ್ತಿದೆ. ಕ್ಲಚ್ ಮೇಲಿಟ್ಟ ಕಾಲು ಜಾರಿತು. ದ್ರಾಕ್ಷಿ ರಸ ಚೆಲ್ಲಿದೆ ಎಂದುಕೊಂಡೆ. ಬಗ್ಗಿ ನೋಡಿದರೆ — ರಸವಲ್ಲ. ಪೆಡಲ್ ಪೂರ್ತಿ ರಕ್ತ, ಕೆಳಗಿನ ಮ್ಯಾಟ್ ಮೇಲೂ ಹೆಪ್ಪುಗಟ್ಟಿದ ರಕ್ತ. ಇಳಿದು ಓಡಿದೆ. ಸಿಮೆಂಟು ನೆಲದ ಮೇಲೆ ಅವರ ಎಡ ಪಾದದ ಕೆಂಪು ಗುರುತು ಸಾಲಾಗಿ ಒಳಗೆ ಹೋಗಿತ್ತು. ಅದರ ತುದಿಯಲ್ಲಿ ಮಾಮ ಟೀ ಲೋಟ ಹಿಡಿದು ಯಾರ ಜೊತೆಗೋ ನಗುತ್ತ ನಿಂತಿದ್ದರು.

ದ್ರಾಕ್ಷಿ ಚಪ್ಪರಕ್ಕೆ ಕಟ್ಟುವ ತಂತಿಯ ತುಂಡೊಂದು ಅಂಗಾಲಿನೊಳಗೆ ಪೂರ್ತಿ ಹೊಕ್ಕಿತ್ತು. ಅದನ್ನಿಟ್ಟುಕೊಂಡೇ ಅವರು ಕ್ಲಚ್ ಒತ್ತಿಕೊಂಡು ಬಂದಿದ್ದರು. ಕುರ್ಚಿಯಲ್ಲಿ ಕೂರಿಸಿ ಕಾಲು ಎತ್ತಿ ತೋರಿಸಿದಾಗ, ಯಾರದೋ ಕಾಲು ನೋಡಿದಂತೆ ನೋಡಿದರು. “ಇದು ಎಲ್ಲಿಂದ ಬಂತು?” ಎಂದು ನನ್ನನ್ನು ಕೇಳಿದರು.

ಸಕ್ಕರೆ ಕಾಯಿಲೆ ಎಷ್ಟೋ ಕಾಲದಿಂದ ಇದೆ, ಪಾದದ ನರಗಳು ಸತ್ತಿವೆ ಎಂದರು ಆಸ್ಪತ್ರೆಯಲ್ಲಿ. ವೈದ್ಯೆ ಮಾಮನ ಪಾದಕ್ಕೆ ಸೂಜಿ ತಾಗಿಸುತ್ತ ಹೋದರು. ಮಾಮ ಫ್ಯಾನು ನೋಡುತ್ತ, ಯಾವಾಗ ಚುಚ್ಚುತ್ತೀರಿ ಎಂದು ಕಾಯುತ್ತಿದ್ದರು. ಲಾರಿ ಓಡಿಸುವಾಗ ಮೊದಲೇ ಏನಾದರೂ ಕಂಡಿತ್ತೇ ಎಂದು ಆಕೆ ನನ್ನನ್ನೂ ಕೇಳಿದರು. ಇಲ್ಲ ಎಂದೆ. ಕೇಳಿದ್ದಕ್ಕೆ ಸುಳ್ಳು ಹೇಳಿದ್ದು ಇದು ಎರಡನೆಯ ಸಲ. ಗಾಯ ಕೀವಾಯಿತು, ಮೇಲಕ್ಕೆ ಹತ್ತಿತು. ಕೊನೆಗೆ ಮೊಣಕಾಲ ಕೆಳಗೆ ಕತ್ತರಿಸಿದರು. ಮೊದಲೇ ಬಂದಿದ್ದರೆ ಪಾದ ಜೋಪಾನ ಮಾಡಿಕೊಳ್ಳಬಹುದಿತ್ತು ಎಂದು ಆಕೆ ಹೇಳುವಾಗ ನಾನು ಗೋಡೆಗೆ ಒರಗಿದ್ದೆ.

ಆಮೇಲೂ ಬಹಳ ಕಾಲ ಹೇಳಲಿಲ್ಲ. ಹೊಸ ಲಾರಿ ನಾನೊಬ್ಬನೇ ಓಡಿಸಿದೆ. ಹೇಳುವಂತೆ ಮಾಡಿದವಳು ಅಕ್ಕ. ವಾರವಾರ ಗಂಡನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ಅವಳು. ಆ ಕಾಲನ್ನು ಕೈಯಲ್ಲಿ ಹಿಡಿದೂ ತನಗೆ ತಿಳಿಯಲಿಲ್ಲವಲ್ಲ ಎಂದು ಬಂದವರೆದುರೆಲ್ಲ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತು ನಾನು ಕೇಳುತ್ತಿದ್ದೆ, ಅವಳು ಕೊಟ್ಟ ಕಾಫಿ ಕುಡಿಯುತ್ತ — ಹೇಗೆ ಕುಡಿದೆನೋ.

ಒಂದು ಮಧ್ಯಾಹ್ನ ಅವಳು ಮತ್ತೆ ಅದೇ ಮಾತು ಎತ್ತಿದಾಗ ತಡೆದೆ. ಇಬ್ಬರ ಎದುರೂ ಎಲ್ಲ ಹೇಳಿದೆ. ಡೀಸೆಲ್‌ಗೆ ಹೋದದ್ದು, ಚಪ್ಪಲಿ, ಸೆಲ್ವಂ ಕೇಳಿದ್ದು, ನಾನು ಹೇಳಿದ್ದು, ಆಸ್ಪತ್ರೆಯಲ್ಲಿ ಮತ್ತೆ ಇಲ್ಲವೆಂದದ್ದು. ಅಕ್ಕ ನನ್ನನ್ನೇ ನೋಡುತ್ತಿದ್ದಳು. “ಯಾಕ್ಡಾ ಏಳ್ಲಿಲ್ಲ?” ಎಂದಳು, ಬಹಳ ಮೆಲ್ಲಗೆ. ಹೊಸ ಲಾರಿ ಬೇಕಿತ್ತು ಎಂದೆ. ಅವಳು ಎದ್ದು ಒಳಗೆ ಹೋದಳು. ಅಂದಿನಿಂದ ನನ್ನೊಡನೆ ಮಾತಾಡಿಲ್ಲ.

ಮಾಮ ಮಂಚದ ಮೇಲೆ ಕೂತೇ ಇದ್ದರು. ಬೈಯಲಿ, ಕೈಗೆ ಸಿಕ್ಕಿದ್ದನ್ನು ಎಸೆಯಲಿ ಎಂದು ಕಾದೆ. ಅವರು ತಲೆ ಎತ್ತಿದರು.

“ಅಂಗಾರೆ ಆ ವಂಡಿಗೆ ಏನೂ ಆಗಿರ್ಲಿಲ್ವಾ, ಮಾಪ್ಳೆ?”

“ಇಲ್ಲ ಮಾಮ. ಚೆನ್ನಾಗೇ ಇತ್ತು.”

“ಕತ್ತರ್ಸಿಬುಟ್ರಲ್ಲ” ಎಂದರು.

ಅವರ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೇ ಮೊದಲು, ಆಸ್ಪತ್ರೆಯಲ್ಲೂ ನೋಡಿರಲಿಲ್ಲ. ತಮ್ಮ ಕಾಲಿನ ಬಗ್ಗೆ ಅವರು ಈವರೆಗೆ ಒಂದು ಮಾತೂ ಕೇಳಿಲ್ಲ. ದಿನವೂ ಮಧ್ಯಾಹ್ನ ಹೋಗಿ ಅವರ ಎದುರು ಕೂರುತ್ತೇನೆ. ಅವರು ಕೇಳಿದ ದಿನ ನಾನು ಅಲ್ಲಿ ಇರಬೇಕು.